ಜರ್ಮನಿಯ ನ್ಯೂರೆಂಬರ್ಗ್‌ಗೆ ಹೊಸದಾಗಿ ಬಂದವರಿಗೆ: ನೋಡೋದು, ತಿನ್ನೋದು, ಸಂಜೆ ಕಳೆಯೋದು

ಎರ್ಲಾಂಗನ್‌ನಲ್ಲಿ ಸೀಮೆನ್ಸ್ ಕೆಲಸ, ಹೆರ್ಟ್ಸೋಗೆನ್‌ಆರಾಖ್‌ನಲ್ಲಿ ಅಡಿಡಾಸ್ ಕೆಲಸ, ಇಲ್ಲವೇ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್. ಇಂಥ ಯಾವುದೋ ಒಂದಕ್ಕೆ ನೀವು ಈ ಕಡೆ ಬಂದಿರುತ್ತೀರಿ. ಮನೆ ಸಿಕ್ಕಿ, ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಮುಗಿದು, ಬ್ಯಾಂಕ್ ಕಾರ್ಡ್ ಕೈಗೆ ಬಂದ ಮೇಲೆ ಮೊದಲ ಬಿಡುವಿನ ಶನಿವಾರ ಬರುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ. ಮಧ್ಯಾಹ್ನ ಮುಖ್ಯ ರೈಲು ನಿಲ್ದಾಣದಲ್ಲಿ ಇಳಿದು, ಜನಜಂಗುಳಿಯಲ್ಲಿ ಕೋನಿಗ್‌ಸ್ಟ್ರಾಸೆ ಹಿಡಿದು ನಡೆದು, ಏದುಸಿರು ಬಿಡುತ್ತಾ ಕೋಟೆ ಹತ್ತಿ, ಫೋಟೋ ತೆಗೆದು, ನಾಲ್ಕು ಗಂಟೆಗೆ ವಾಪಸ್. ನ್ಯೂರೆಂಬರ್ಗ್ ಆಯ್ತು ಅಂತ ಸ್ಟೇಟಸ್. ಮುಂದಿನ ವಾರದಿಂದ ಪ್ರಾಗ್, ಪ್ಯಾರಿಸ್ ಟಿಕೆಟ್ ಹುಡುಕಾಟ.

ಹೋಗಿ, ಪ್ರಾಗ್ ಚೆನ್ನಾಗಿಯೇ ಇದೆ. ಆದರೆ ಈ ಊರು ಹಾಗೆ ಒಂದು ಮಧ್ಯಾಹ್ನಕ್ಕೆ ಸಿಗುವಂಥದ್ದಲ್ಲ. ಹಳೇ ಊರು ಚಿಕ್ಕದು, ಅರ್ಧ ಗಂಟೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬಹುದು. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಯಾವ ಆ್ಯಪ್ ಬೇಕಾದರೂ ಹೇಳುತ್ತದೆ. ಯಾವ ಹೊತ್ತಿಗೆ, ಯಾವ ದಿನ, ಯಾವ ತಿಂಗಳಲ್ಲಿ ಹೋಗಬೇಕು ಅನ್ನುವುದು ಇಲ್ಲಿ ಇದ್ದು ತಿಳಿಯಬೇಕು. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಟಿಕೆಟ್ ವಿಷಯ

ನಿಮ್ಮ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಯೋಚನೆಯೇ ಇಲ್ಲ. 2026ರಲ್ಲಿ ಅದು ತಿಂಗಳಿಗೆ 63 ಯೂರೋ. ಯು-ಬಾನ್ (ಮೆಟ್ರೋ), ಟ್ರಾಮ್, ಬಸ್ಸು, ಪ್ರಾದೇಶಿಕ ರೈಲು ಎಲ್ಲದಕ್ಕೂ ಆಗುತ್ತದೆ. ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಅವರಿಗೆ ಸಿಂಗಲ್ ಟಿಕೆಟ್ ಕೊಳ್ಳುತ್ತಾ ಹೋದರೆ ಜೇಬು ಖಾಲಿ. ಈ ಸೀಮೆಯ ಸಾರಿಗೆ ಒಕ್ಕೂಟವಾದ ವಿಜಿಎನ್‌ನ ದಿನದ ಟಿಕೆಟ್ ಟಾಗೆಸ್‌ಟಿಕೆಟ್ ಪ್ಲುಸ್ ತೆಗೆದುಕೊಳ್ಳಿ. ಒಂದೇ ಟಿಕೆಟ್‌ನಲ್ಲಿ ಇಬ್ಬರು ದೊಡ್ಡವರು, ಜೊತೆಗೆ ನಾಲ್ಕು ಮಕ್ಕಳವರೆಗೆ ಓಡಾಡಬಹುದು. ಶನಿವಾರ ಕೊಂಡರೆ ಭಾನುವಾರಕ್ಕೂ ಅದೇ ಟಿಕೆಟ್. ಬಾಂಬೆರ್ಗ್ ಕೂಡ ವಿಜಿಎನ್ ಒಳಗೇ ಬರುತ್ತದೆ. ಹಾಗಾಗಿ ಶನಿವಾರ ನ್ಯೂರೆಂಬರ್ಗ್, ಭಾನುವಾರ ಬಾಂಬೆರ್ಗ್ ಅಂತ ಇಟ್ಟುಕೊಳ್ಳಬಹುದು. ಆದರೆ ಟಿಕೆಟ್ ಯಾವ ವಲಯದವರೆಗೆ ನಡೆಯುತ್ತದೆ ಅಂತ ಕೊಳ್ಳುವಾಗಲೇ ನೋಡಿಕೊಳ್ಳಿ.

ಇನ್ನೊಂದು. ಯು2, ಯು3 ರೈಲುಗಳಿಗೆ ಚಾಲಕ ಇರುವುದಿಲ್ಲ. ಮಕ್ಕಳನ್ನು ಮುಂದಿನ ಗಾಜಿನ ಹತ್ತಿರ ಕೂರಿಸಿ, ಬೇರೆ ಮನರಂಜನೆ ಬೇಕಿಲ್ಲ.

ಕೋಟೆಯನ್ನು ಹತ್ತಬೇಡಿ, ಇಳಿಯಿರಿ

ಹಳೇ ಊರಿನ ತುಂಬಾ ಕಲ್ಲುಹಾಸು. ಮಂಡಿ ನೋವಿರುವ ಹಿರಿಯರನ್ನು ನಿಲ್ದಾಣದಿಂದ ಕೋಟೆಯವರೆಗೆ ನಡೆಸಿದರೆ ಅವರು ಮುಂದೆ ಏನನ್ನೂ ನೋಡುವುದಿಲ್ಲ. ಪ್ಲೆರರ್ ನಿಲ್ದಾಣದಿಂದ 4ನೇ ನಂಬರ್ ಟ್ರಾಮ್ ಹತ್ತಿ ಟಿಯರ್‌ಗೆರ್ಟ್ನರ್‌ಟೋರ್‌ನಲ್ಲಿ ಇಳಿಯಿರಿ. ಕೋಟೆಯ ಬುಡಕ್ಕೇ ಬಂದಿರುತ್ತೀರಿ. ಸ್ವಲ್ಪ ಏರು ಇದೆ, ಅಷ್ಟೇ. ಆಮೇಲೆ ಇಡೀ ದಿನ ಇಳಿಜಾರು.

ಕೋಟೆಯ ಬಯಲಿಂದ ಕಾಣುವ ಕೆಂಪು ಹೆಂಚಿನ ನೋಟಕ್ಕೆ ದುಡ್ಡು ಕೊಡಬೇಕಿಲ್ಲ. ದುಡ್ಡು ಕೊಡುವುದಾದರೆ ಆಳದ ಬಾವಿಗೆ ಕೊಡಿ. ಸುಮಾರು 50 ಮೀಟರ್ ಆಳ, ಬಂಡೆ ಕೊರೆದು ಮಾಡಿದ್ದು. ಗೈಡ್ ಮೇಲಿಂದ ನೀರು ಸುರಿಯುತ್ತಾರೆ. ಸದ್ದು ಕೇಳುವವರೆಗೆ ಎಲ್ಲರೂ ಉಸಿರು ಹಿಡಿದು ಎಣಿಸುತ್ತಾರೆ. ಬಾವಿ ನೋಡಿ ಬೆಳೆದ ನಮ್ಮ ಹಿರಿಯರಿಗೆ ಅರಮನೆಯ ಕೋಣೆಗಳಿಗಿಂತ ಇದೇ ಜಾಸ್ತಿ ಇಷ್ಟವಾಗುತ್ತದೆ.

ಕೆಳಗೆ ಟಿಯರ್‌ಗೆರ್ಟ್ನರ್‌ಟೋರ್ ಚೌಕದ ಮೂಲೆಯಲ್ಲಿ ಆಲ್ಬ್ರೆಷ್ಟ್ ಡ್ಯೂರರ್ ಮನೆ. 1471ರಲ್ಲಿ ಇದೇ ಊರಲ್ಲಿ ಹುಟ್ಟಿದ ಚಿತ್ರಕಾರ. 1509ರಿಂದ 1528ರಲ್ಲಿ ಸಾಯುವವರೆಗೆ ಈ ಮನೆಯಲ್ಲಿದ್ದ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಅವನ ಪ್ರಸಿದ್ಧ ಮೊಲದ ಚಿತ್ರ ಇಲ್ಲಿಲ್ಲ, ವಿಯೆನ್ನಾದಲ್ಲಿದೆ. ಚೌಕದಲ್ಲಿ ಕಂಚಿನ ದೊಡ್ಡ ಮೊಲವೊಂದು ಬಿದ್ದಿದೆ, ಸ್ವಲ್ಪ ವಿಕಾರವಾಗಿಯೇ ಇದೆ. ಮಕ್ಕಳಿಗೆ ಇಷ್ಟ, ದೊಡ್ಡವರು ಮುಖ ಸಿಂಡರಿಸುತ್ತಾರೆ. ಅಲ್ಲಿಂದ ಕೆಳಗೆ ವೈಸ್‌ಗೆರ್ಬರ್‌ಗಾಸೆ. ಒಂದು ಕಾಲದಲ್ಲಿ ಚರ್ಮ ಹದಮಾಡುವವರ ಬೀದಿ, ಈಗ ಮರದ ಚೌಕಟ್ಟಿನ ಬಣ್ಣದ ಮನೆಗಳ ಸಾಲು. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬೀದಿ ನಿಮ್ಮದೇ, ಮಧ್ಯಾಹ್ನವಾದರೆ ಬರೀ ತಲೆಗಳ ಫೋಟೋ ಬರುತ್ತದೆ.

ಪೆಗ್ನಿಟ್ಸ್ ನದಿ ಊರನ್ನು ಎರಡು ಪಾಲು ಮಾಡಿದೆ. ಉತ್ತರಕ್ಕೆ ಸೆಬಾಲ್ಡ್ ಚರ್ಚು, ದಕ್ಷಿಣಕ್ಕೆ ಲೊರೆಂಟ್ಸ್ ಚರ್ಚು. ನದಿಯ ಮೇಲೆ 1824ರ ಸರಪಳಿ ಸೇತುವೆ ಕೆಟ್ಟನ್‌ಸ್ಟೇಗ್ ಇದೆ. ನಡೆಯುವಾಗ ಸಣ್ಣಗೆ ತೂಗಿದ ಹಾಗಾಗುತ್ತದೆ. ಸಮಯ ಕಡಿಮೆ ಇದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಲೊರೆಂಟ್ಸ್ ಚರ್ಚಿನ ಒಳಗೆ ಕೂತುಕೊಳ್ಳಿ. ಫೈಟ್ ಷ್ಟೋಸ್ 1517-18ರಲ್ಲಿ ಕೆತ್ತಿದ ದೇವದೂತ ಮತ್ತು ಮೇರಿಯ ಮರದ ಶಿಲ್ಪ ಚಾವಣಿಯಿಂದ ನೇತಾಡುತ್ತಿದೆ. 1817ರಲ್ಲಿ ಅದು ಕೆಳಗೆ ಬಿದ್ದು ಚೂರಾಗಿತ್ತು, ಮತ್ತೆ ಜೋಡಿಸಿದರು. ಪಕ್ಕದಲ್ಲಿ ಆಡಮ್ ಕ್ರಾಫ್ಟ್ ಕಡೆದ ಸುಮಾರು 20 ಮೀಟರ್ ಎತ್ತರದ ಕಲ್ಲಿನ ಗೋಪುರ. ಅದರ ಬುಡದಲ್ಲಿ ಕೈಯಲ್ಲಿ ಸಲಕರಣೆ ಹಿಡಿದು, ಮಂಡಿಯೂರಿ, ಇಡೀ ಭಾರವನ್ನು ಹೊತ್ತ ಗಡ್ಡದವನಿದ್ದಾನೆ. ಅವನೇ ಆ ಶಿಲ್ಪಿ. ತನ್ನನ್ನೇ ಕಡೆದುಕೊಂಡಿದ್ದಾನೆ.

ಮುಖ್ಯ ಮಾರುಕಟ್ಟೆಯ ಚೌಕಕ್ಕೆ ಮಧ್ಯಾಹ್ನ 12ಕ್ಕೆ ಐದು ನಿಮಿಷ ಮುಂಚೆ ಬನ್ನಿ. ಫ್ರೌವೆನ್‌ಕಿರ್ಷೆ ಚರ್ಚಿನ ಗಡಿಯಾರದಲ್ಲಿ ಏಳು ಮಂದಿ ಎಲೆಕ್ಟರ್‌ಗಳು ಚಕ್ರವರ್ತಿ ನಾಲ್ಕನೇ ಕಾರ್ಲ್‌ನ ಸುತ್ತ ಮೂರು ಸುತ್ತು ಬರುತ್ತಾರೆ. ಚಕ್ರವರ್ತಿಯನ್ನು ಯಾರು ಆರಿಸಬೇಕು ಅಂತ ಗೊತ್ತುಮಾಡಿದ 1356ರ ಶಾಸನದ ನೆನಪಿಗೆ ಮಾಡಿದ ಗೊಂಬೆಯಾಟ ಅದು. 1509ರಿಂದ ಇದೆ. ನೋಡಲು ಮುದ್ದಾಗಿದೆ. ಆದರೆ ಆ ಚರ್ಚು ನಿಂತಿರುವ ಜಾಗದಲ್ಲಿ ಮೊದಲು ಯಹೂದಿಗಳ ಸಿನಗಾಗ್ ಇತ್ತು. 1349ರಲ್ಲಿ ಅವರ ಕೇರಿಯನ್ನೇ ಹಾಳುಮಾಡಿ, ಜನರನ್ನು ಕೊಂದು, ಆ ಜಾಗದಲ್ಲಿ ಚೌಕ ಮಾಡಿದರು. ಅನುಮತಿ ಕೊಟ್ಟವನು ಇದೇ ಕಾರ್ಲ್. ಗಡಿಯಾರ ನೋಡುವಾಗ ಇದೂ ಗೊತ್ತಿರಲಿ.

ಊರಿನ ಸುತ್ತ ಇರುವ ಗೋಡೆ ಸುಮಾರು ನಾಲ್ಕು ಕಿಲೋಮೀಟರ್ ಇನ್ನೂ ಉಳಿದಿದೆ. ಅದರ ಉದ್ದಕ್ಕೂ ನಡೆಯೋಣ ಅಂತ ಎಲ್ಲರಿಗೂ ಅನಿಸುತ್ತದೆ. ಒಂದು ಸೂಚನೆ, ಯಾವ ಗೈಡ್ ಪುಸ್ತಕವೂ ಬಾಯಿಬಿಟ್ಟು ಹೇಳುವುದಿಲ್ಲ: ನಿಲ್ದಾಣದ ಎದುರಿನ ಗೋಪುರದಿಂದ ಪ್ಲೆರರ್ ಕಡೆಗೆ ಗೋಡೆಯ ಒಳಬದಿಯಲ್ಲಿ ಹೋಗುವ ಫ್ರೌವೆನ್‌ಟೋರ್‌ಮೌವರ್ ಬೀದಿಯಲ್ಲಿ ವೇಶ್ಯಾಗೃಹಗಳಿವೆ. ಇಲ್ಲಿ ಅದು ಕಾನೂನುಬದ್ಧ, ಅಪಾಯವೇನೂ ಇಲ್ಲ. ಆದರೆ ಅತ್ತೆ-ಮಾವನ ಜೊತೆ ಹೋಗಿ ಸಿಕ್ಕಿಹಾಕಿಕೊಳ್ಳುವುದು ಬೇಡ ಅಲ್ವಾ? ಆ ಭಾಗದಲ್ಲಿ ಗೋಡೆಯ ಹೊರಬದಿಗೆ ಬಂದುಬಿಡಿ.

ಹಳೇ ಊರಲ್ಲಿ ಎಷ್ಟೆಷ್ಟು ಹಳೆಯದು ಅಂತ ಕೇಳುವವರಿದ್ದಾರೆ. 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಇದರ ಹೆಚ್ಚಿನ ಭಾಗ ನೆಲಸಮವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಪಾಲು ಹೋಗಿತ್ತು. ನೀವು ಕೋಟೆಯಿಂದ ನೋಡುವ ಹೆಂಚುಗಳ ಕೆಳಗೆ ಹೆಚ್ಚಿನವು 1950ರ ನಂತರದ ಮನೆಗಳು. ಹಳೆಯ ಬೀದಿಗಳ ಗೆರೆಯನ್ನು ಬಿಡದೆ, ಮರಳುಗಲ್ಲನ್ನೇ ಆದಷ್ಟು ಬಳಸಿ ಮತ್ತೆ ಕಟ್ಟಿದರು.

ತಪ್ಪಿಸಿಕೊಳ್ಳಬಾರದ ಕಹಿ ಭಾಗ

ರಜೆಯಲ್ಲಿ ಯಾಕೆ ನಾಜಿಗಳ ಸುದ್ದಿ ಅಂತ ಇದನ್ನು ಬಿಡುವವರು ತುಂಬಾ ಜನ. ಬಂದು ಹೋಗುವವರು ಬಿಟ್ಟರೆ ಬಿಡಲಿ. ಇಲ್ಲಿ ಬಾಳುವ ನಾವು ಬಿಡಬಾರದು. ಇಲ್ಲಿನ ಜನ ಯಾವ ಮಾತಿಗೆ ಯಾಕೆ ಗಂಭೀರವಾಗುತ್ತಾರೆ ಅನ್ನುವುದು ಇದಿಲ್ಲದೆ ಅರ್ಥವಾಗುವುದಿಲ್ಲ.

ಎರಡು ಜಾಗ. ಒಂದು ಡುಟ್ಸೆಂಡ್‌ಟೈಷ್ ಕೆರೆಯ ಸುತ್ತಲಿನ ಬಯಲು. 1933ರಿಂದ 1938ರವರೆಗೆ ನಾಜಿ ಪಕ್ಷದ ಸಮಾವೇಶಗಳು ನಡೆದ ಜಾಗ. 50,000 ಜನ ಕೂರಲಿ ಅಂತ ರೋಮಿನ ಕೊಲೋಸಿಯಂ ಮಾದರಿಯಲ್ಲಿ ಶುರುಮಾಡಿ, ಮುಗಿಸದೇ ಬಿಟ್ಟ ಸಭಾಂಗಣ ಅಲ್ಲಿದೆ. ಅದರ ಒಂದು ಭಾಗದಲ್ಲಿ ಡಾಕ್ಯುಮೆಂಟೇಷನ್ ಸೆಂಟರ್. ಅಲ್ಲಿ ನವೀಕರಣದ ಕೆಲಸ ವರ್ಷಗಳಿಂದ ನಡೆದಿದೆ, ಹೋಗುವ ಮುಂಚೆ ಏನು ತೆರೆದಿದೆ ನೋಡಿಕೊಳ್ಳಿ. ಹೊರಗಿನ ಬಯಲು ಮಾತ್ರ ಯಾವಾಗಲೂ ತೆರೆದೇ ಇರುತ್ತದೆ. ಟ್ಸೆಪೆಲಿನ್ ಮೈದಾನದ ಮೆಟ್ಟಿಲ ಮೇಲೆ ನಿಂತರೆ ಆ ಕಟ್ಟಡದ ಅಹಂಕಾರ ಗೊತ್ತಾಗುತ್ತದೆ. ಅದರ ನೆತ್ತಿಯ ಮೇಲಿದ್ದ ಸ್ವಸ್ತಿಕವನ್ನು 1945ರ ಏಪ್ರಿಲ್‌ನಲ್ಲಿ ಅಮೆರಿಕನ್ ಸೈನಿಕರು ಸಿಡಿಸಿದರು. ಇವತ್ತು ಅದೇ ಮೆಟ್ಟಿಲ ಮೇಲೆ ಹುಡುಗರು ಸ್ಕೇಟ್‌ಬೋರ್ಡ್ ಆಡುತ್ತಾರೆ, ಪಕ್ಕದ ಕೆರೆಯಲ್ಲಿ ಪೆಡಲ್ ದೋಣಿ ಓಡುತ್ತವೆ.

ಎರಡನೆಯದು ಫ್ಯೂರ್ತರ್‌ಸ್ಟ್ರಾಸೆಯ ನ್ಯಾಯಾಲಯದಲ್ಲಿರುವ 600ನೇ ನಂಬರಿನ ಕೋಣೆ. ಯು1ರಲ್ಲಿ ಬೇರನ್‌ಷಾನ್ಸೆ ನಿಲ್ದಾಣ. 1945ರ ನವೆಂಬರ್ 20ರಿಂದ 1946ರ ಅಕ್ಟೋಬರ್ 1ರವರೆಗೆ ನಾಜಿ ನಾಯಕರ ವಿಚಾರಣೆ ನಡೆದದ್ದು ಇಲ್ಲಿ. ಹನ್ನೆರಡು ಮಂದಿಗೆ ಮರಣದಂಡನೆ, ಮೂವರ ಬಿಡುಗಡೆ. ನಾಲ್ಕು ಭಾಷೆಗಳಲ್ಲಿ ಏಕಕಾಲಕ್ಕೆ ಅನುವಾದ ಮಾಡುತ್ತಾ ಅಷ್ಟು ದೊಡ್ಡ ವಿಚಾರಣೆ ನಡೆಸಿದ್ದು ಅದೇ ಮೊದಲು. ಆಡಿಯೋ ಗೈಡ್ ತಪ್ಪದೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಅದು ಬರೀ ಮರದ ಹಲಗೆಯ ಕೋಣೆ.

ಒಂದು ಸಂಗತಿ ನಮ್ಮಂಥವರಿಗೆ ಹತ್ತಿರದ್ದು. ವಲಸೆ ಮತ್ತು ನಿರಾಶ್ರಿತರ ಕೇಂದ್ರ ಕಚೇರಿ ಬಾಮ್ಫ್ ಇದೇ ಊರಲ್ಲಿದೆ. ಇಂಟಿಗ್ರೇಷನ್ ಕೋರ್ಸಿನ ಕಾಗದಗಳ ಮೇಲೆ ಅದರ ಹೆಸರು ನೋಡಿರುತ್ತೀರಿ. ಆ ಕಚೇರಿ ಇರುವುದು ನಾಜಿಗಳ ಎಸ್‌ಎಸ್ ಪಡೆಗೆ ಕಟ್ಟಿದ ಬ್ಯಾರಕ್‌ನಲ್ಲಿ.

ಎರಡು ಎಚ್ಚರಿಕೆಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಮಾಷೆಗೂ, ಫೋಟೋಗೂ ಕೈ ಮುಂದೆ ಚಾಚಿ ನಾಜಿ ಸಲಾಮು ಹೊಡೆಯಬೇಡಿ. ಇಲ್ಲಿ ಅದು ಅಪರಾಧ. ಇನ್ನು ನಮ್ಮ ಸ್ವಸ್ತಿಕ. ದೇವರ ಮನೆಯಲ್ಲಿ ಇರಲಿ, ಪೂಜೆಗೆ ಇರಲಿ. ಹೊರಬಾಗಿಲಿನ ತೋರಣ, ಮೆಟ್ಟಿಲ ಮೇಲಿನ ರಂಗೋಲಿ, ಕಾರಿನ ಸ್ಟಿಕ್ಕರ್ ಬೇಡ. ನಮ್ಮದು ಬೇರೆ, ಅವರದು ಬೇರೆ ಅಂತ ವಾದ ಮಾಡಬಹುದು, ವಾದ ಸರಿಯೂ ಹೌದು. ಆದರೆ ಪಕ್ಕದ ಮನೆಯ ಅಜ್ಜಿಗೆ ದಿನಾ ಬೆಳಿಗ್ಗೆ ಅದನ್ನು ವಿವರಿಸಲು ಆಗುವುದಿಲ್ಲ. ಬಾಗಿಲಿಗೆ ಓಂ ಅಥವಾ ಗಣಪತಿ ಸಾಕು.

ಊಟ

ನ್ಯೂರೆಂಬರ್ಗ್ ಅಂದರೆ ಬ್ರಾಟ್‌ವುರ್ಸ್ಟ್. ಬೆರಳುದ್ದದ ಸಾಸೇಜು, 7ರಿಂದ 9 ಸೆಂಟಿಮೀಟರ್. ಹಂದಿ ಮಾಂಸ, ಮರ್ಜೋರಮ್ ಘಮ, ಸೌದೆ ಒಲೆಯ ಹೊಗೆ. 2003ರಿಂದ ಆ ಹೆಸರಿಗೆ ಯುರೋಪಿಯನ್ ಒಕ್ಕೂಟದ ರಕ್ಷಣೆ ಇದೆ. ಊರಿನ ಗಡಿಯೊಳಗೆ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಹೋಟೆಲಲ್ಲಿ ಆರು, ಎಂಟು, ಹತ್ತು ಅಂತ ತಟ್ಟೆಯಲ್ಲಿ ಬರುತ್ತದೆ. ರಸ್ತೆಯಲ್ಲಾದರೆ ಒಂದು ಬನ್ನಿನೊಳಗೆ ಮೂರು, "ಡ್ರೈ ಇಮ್ ವೆಕ್ಲಾ" ಅಂತ ಕೇಳಿ. ಮಾಂಸ ತಿನ್ನುವವರಿಗೆ ಇದರ ನಂತರದ ಮೆಟ್ಟಿಲು ಷೋಯ್‌ಫೆಲೆ, ಅಂದರೆ ಹಂದಿ ಭುಜದ ಭಾಗ, ಮೇಲೆ ಗರಿಗರಿ ಚರ್ಮ. ಹಸಿವಾಗಿರುವ ಭಾನುವಾರಕ್ಕೆ ಇಟ್ಟುಕೊಳ್ಳಿ. ಮೀನು ಪ್ರಿಯರು ಸೆಪ್ಟೆಂಬರ್‌ವರೆಗೆ ಕಾಯಬೇಕು. ಆಯ್‌ಷ್ ಕಣಿವೆಯ ಕೆರೆಗಳ ಕಾರ್ಪ್ ಮೀನು ಸೆಪ್ಟೆಂಬರಿಂದ ಏಪ್ರಿಲ್‌ವರೆಗೆ ಮಾತ್ರ ಸಿಗುತ್ತದೆ. ಉದ್ದುದ್ದ ಸೀಳಿ ಕರಿದು ಅರ್ಧ ಮೀನನ್ನೇ ತಟ್ಟೆಗೆ ಹಾಕುತ್ತಾರೆ. ಮುಳ್ಳು ಜಾಸ್ತಿ. ಕರಾವಳಿಯವರಿಗೆ ಅದೇನೂ ಲೆಕ್ಕಕ್ಕಿಲ್ಲ ಬಿಡಿ.

ಸಸ್ಯಾಹಾರಿಗಳೇ, ನಿಮಗೆ ಹೇಳುವುದು ಸ್ವಲ್ಪ ಜಾಸ್ತಿ ಇದೆ. ಇಲ್ಲಿನ ಹಳೇ ಹೋಟೆಲುಗಳಲ್ಲಿ ಹೆಸರು ನೋಡಿ ಆರ್ಡರ್ ಮಾಡಬೇಡಿ. ಸೌವರ್‌ಕ್ರೌಟ್ ಬರೀ ಕೋಸು ಅನಿಸುತ್ತದೆ, ಹಂದಿ ಕೊಬ್ಬಿನಲ್ಲಿ ಬೇಯಿಸಿರುತ್ತಾರೆ. ಫ್ರಾಂಕೋನಿಯಾದ (ನ್ಯೂರೆಂಬರ್ಗ್ ಇರುವ ಬವೇರಿಯಾದ ಉತ್ತರ ಸೀಮೆ) ಆಲೂಗೆಡ್ಡೆ ಸಲಾಡಿಗೆ ಮಾಂಸದ ಸಾರು ಹಾಕುವ ರೂಢಿ. ಹುರಿದ ಆಲೂಗೆಡ್ಡೆಯಲ್ಲಿ ಹಂದಿ ಮಾಂಸದ ಸಣ್ಣ ತುಂಡುಗಳಿರುತ್ತವೆ. ತರಕಾರಿ ಸೂಪಿನ ನೀರು ದನದ ಮೂಳೆಯದ್ದಾಗಿರಬಹುದು. ಲೆಬರ್‌ಕೇಸ್‌ನ ಹೆಸರಲ್ಲಿ ಕೇಸ್ (ಚೀಸ್) ಇದ್ದರೂ ಒಳಗೆ ಚೀಸ್ ಇಲ್ಲ, ಪೂರ್ತಿ ಮಾಂಸ. "ಓನೆ ಫ್ಲೈಷ್" (ಮಾಂಸ ಬೇಡ) ಅಂತ ಹೇಳಿದರೆ ಸಾಲದು, ಮಾಂಸದ ತುಂಡು ತೆಗೆದು ಅದನ್ನೇ ಕೊಟ್ಟಾರು. "ಓನೆ ಷ್ಪೆಕ್, ಓನೆ ಫ್ಲೈಷ್‌ಬ್ರ್ಯೂಹೆ" (ಹಂದಿ ತುಂಡು ಬೇಡ, ಮಾಂಸದ ಸಾರು ಬೇಡ) ಅಂತ ಬಿಡಿಸಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಏನು ತಿನ್ನಬೇಕು? ಕ್ಲೋಸ್ ಮಿಟ್ ರಾಮ್‌ಷ್ವಾಮರ್ಲ್. ಆಲೂಗೆಡ್ಡೆಯ ದೊಡ್ಡ ಉಂಡೆ, ಅದರ ಸುತ್ತ ಕೆನೆಯಲ್ಲಿ ಬೇಯಿಸಿದ ಅಣಬೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ ಹಾಗೆ ಫೋರ್ಕಿನಲ್ಲಿ ಮುರಿದು ಅದ್ದಿ ತಿನ್ನಿ, ಚಾಕು ಹಾಕಬೇಡಿ. ಇಲ್ಲಿನವರೂ ಹಾಗೇ ಮಾಡುತ್ತಾರೆ. ಬರೀ "ಕ್ಲೋಸ್ ಮಿಟ್ ಸೋಸ್" ಅಂದರೆ ಮಾತ್ರ ಮಾಂಸದ ಗ್ರೇವಿ ಬರುತ್ತದೆ, ಹುಷಾರು. ಚೀಸ್ ಹಾಕಿದ ನೂಡಲ್ಸ್ ಥರದ ಕೇಸ್‌ಷ್ಪೆಟ್ಸ್‌ಲೆ ಎಲ್ಲ ಕಡೆ ಸಿಗುತ್ತದೆ, ಮೊಟ್ಟೆ ಇದೆ. ಗೆರುಪ್ಫ್ಟರ್ ಅನ್ನುವ ಚೀಸ್, ಬೆಣ್ಣೆ, ಈರುಳ್ಳಿ, ಪಪ್ರಿಕಾ ಕಲಸಿದ ತಿನಿಸನ್ನು ಬ್ರೆಟ್ಸೆಲ್ ಜೊತೆ ತಿನ್ನಿ. ಕೆಲವರು ಅದಕ್ಕೆ ಒಂದು ಚಮಚ ಬಿಯರ್ ಹಾಕುತ್ತಾರೆ, ಬೇಡದವರು ಕೇಳಿಕೊಳ್ಳಿ. ಏಪ್ರಿಲ್‌ನಿಂದ ಜೂನ್ 24ರವರೆಗೆ ಬಿಳಿ ಆಸ್ಪರಾಗಸ್ ಕಾಲ. ಊರಿನ ಉತ್ತರಕ್ಕಿರುವ ಕ್ನೋಬ್‌ಲಾಖ್ಸ್‌ಲಾಂಡ್ ಹೊಲಗಳಿಂದ ಅವತ್ತು ಬೆಳಿಗ್ಗೆ ಕಿತ್ತದ್ದು ಅವತ್ತೇ ಮಾರುಕಟ್ಟೆಗೆ ಬರುತ್ತದೆ. ಬೆಣ್ಣೆ ಮತ್ತು ಆಲೂಗೆಡ್ಡೆ ಜೊತೆ ಕೊಡುತ್ತಾರೆ. ಮೊದಲ ತುತ್ತಿಗೆ ಸಪ್ಪೆ ಅನಿಸುತ್ತದೆ, ಖಾರ ಹುಡುಕಬೇಡಿ. ಎರಡನೇ ವರ್ಷ ನೀವೇ ಕಾಯುತ್ತೀರಿ.

ಇಲ್ಲಿನ ಮಸಾಲೆ ಬಿಸ್ಕತ್ತು ಲೆಬ್‌ಕೂಖನ್ ಕೊಳ್ಳುವಾಗ ಎಲಿಸೆನ್ ಅನ್ನುವ ಜಾತಿಯನ್ನೇ ಕೇಳಿ. ಅದರಲ್ಲಿ ಕಾಲು ಪಾಲಿಗಾದರೂ ಬಾದಾಮಿ, ಅಕ್ರೂಟಿನಂಥ ಬೀಜ ಇರಲೇಬೇಕು, ಹಿಟ್ಟು ಹತ್ತರಲ್ಲೊಂದು ಪಾಲು ಮೀರಬಾರದು ಅಂತ ನಿಯಮವಿದೆ. ಊರಿಗೆ ಒಯ್ಯಲು ಚೆನ್ನ, ಬೇಗ ಕೆಡುವುದಿಲ್ಲ. ಮೊಟ್ಟೆ ಇರುತ್ತದೆ ಅಂತ ಅಜ್ಜಿಗೆ ಮೊದಲೇ ಹೇಳಿ ಕೊಡಿ. ಮುರಿದ ಲೆಬ್‌ಕೂಖನ್ ಚೀಲಗಳನ್ನು ಫ್ಯಾಕ್ಟರಿ ಅಂಗಡಿಗಳಲ್ಲಿ ಅಗ್ಗಕ್ಕೆ ಮಾರುತ್ತಾರೆ. ಮನೆಯಲ್ಲಿ ತಿನ್ನಲು ಅದೇ ಸಾಕು.

ನಮ್ಮ ಊಟ ಬೇಕೆನಿಸಿದರೆ ಊರಲ್ಲಿ ಭಾರತೀಯ ಹೋಟೆಲುಗಳಿವೆ. ಹೆಚ್ಚಿನವು ಉತ್ತರದ ಅಡುಗೆ, ಜರ್ಮನ್ ನಾಲಿಗೆಗೆ ಹದ ಮಾಡಿದ್ದು. ದೋಸೆಗೆ ಮನೆಯ ಗ್ರೈಂಡರ್ ನಂಬಿಕೊಳ್ಳುವುದು ಒಳ್ಳೆಯದು. ಕೊತ್ತಂಬರಿ, ಬೆಂಡೆಕಾಯಿ, ಹಸಿಮೆಣಸಿನಕಾಯಿಗೆ ಗೋಸ್ಟನ್‌ಹೋಫ್ ಬಡಾವಣೆ ಮತ್ತು ದಕ್ಷಿಣ ಭಾಗದ ಟರ್ಕಿಶ್ ಅಂಗಡಿಗಳಿಗೆ ಹೋಗಿ. ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಡಬ್ಬಿಯ ನಾಲ್ಕು ಎಸಳಿನ ದುಡ್ಡಿಗೆ ಅಲ್ಲಿ ಒಂದು ಕಟ್ಟು ಸಿಗುತ್ತದೆ.

ಹೋಟೆಲಿನ ರೀತಿ-ನೀತಿ ಚುಟುಕಾಗಿ ಹೇಳುತ್ತೇನೆ. ಅಡುಗೆಮನೆ ರಾತ್ರಿ ಒಂಬತ್ತು, ಒಂಬತ್ತೂವರೆಗೆ ಮುಚ್ಚುವುದು ಸಾಮಾನ್ಯ. ಬೆಂಗಳೂರಿನ ಹಾಗೆ ಹತ್ತಕ್ಕೆ ಊಟಕ್ಕೆ ಹೊರಟರೆ ಕೆಬಾಬೇ ಗತಿ. "ಷ್ಟಾಮ್‌ಟಿಷ್" ಅಂತ ಫಲಕ ಇಟ್ಟ ಮೇಜು ಖಾಲಿ ಇದ್ದರೂ ಕೂರಬೇಡಿ, ಅದು ದಿನಾ ಬರುವವರದ್ದು. ಬೇರೆ ಉದ್ದನೆಯ ಮೇಜಿನಲ್ಲಿ ಜಾಗ ಇದ್ದರೆ ಕೇಳಿ ಕೂರಬಹುದು. ಮೇಜಿನ ಮೇಲಿನ ಬುಟ್ಟಿಯ ಬ್ರೆಟ್ಸೆಲ್ ಪುಕ್ಕಟೆಯಲ್ಲ, ತಿಂದಷ್ಟಕ್ಕೆ ಲೆಕ್ಕ ಹಾಕುತ್ತಾರೆ. ನಲ್ಲಿ ನೀರನ್ನು ತಾವಾಗಿ ತಂದಿಡುವುದಿಲ್ಲ. ಟಿಪ್ಸ್ ಮೇಜಿನ ಮೇಲೆ ಬಿಟ್ಟು ಬರುವುದಿಲ್ಲ. 27 ಯೂರೋ ಬಿಲ್ಲಾದರೆ ದುಡ್ಡು ಕೊಡುವಾಗಲೇ "30" ಅಂತ ಹೇಳಿಬಿಡಿ. ಕಾರ್ಡ್ ತೆಗೆದುಕೊಳ್ಳದ ಹಳೇ ಜಾಗಗಳು ಇನ್ನೂ ಇವೆ, ಜೇಬಲ್ಲಿ ಸ್ವಲ್ಪ ನೋಟಿರಲಿ.

ಚಿತ್ರಾನ್ನದ ಡಬ್ಬಿ ಮತ್ತು ಬಿಯರ್ ತೋಟ

ಇದು ನನಗೆ ತುಂಬಾ ಇಷ್ಟದ ಭಾಗ. ಬವೇರಿಯಾದ ಬಿಯರ್ ತೋಟಗಳಲ್ಲಿ ಹಳೇ ರೂಢಿಯೊಂದಿದೆ: ಕುಡಿಯುವುದನ್ನು ಅಲ್ಲೇ ಕೊಳ್ಳಬೇಕು, ತಿನ್ನುವುದನ್ನು ಮನೆಯಿಂದ ತರಬಹುದು. ಮೇಜುಬಟ್ಟೆ ಹಾಸಿದ ಕಡೆ ಇದು ನಡೆಯುವುದಿಲ್ಲ. ನೀವೇ ಹೋಗಿ ತಂದುಕೊಳ್ಳುವ ಬರೀ ಮರದ ಬೆಂಚುಗಳ ಕಡೆ ನಡೆಯುತ್ತದೆ. ಎಲ್ಲ ಜಾಗದಲ್ಲೂ ಒಪ್ಪುತ್ತಾರೆ ಅಂತೇನಿಲ್ಲ, ಒಂದು ಮಾತು ಕೇಳಿಬಿಡಿ. ಪಕ್ಕದವರು ಮೂಲಂಗಿ, ಚೀಸ್, ಬ್ರೆಡ್ಡಿನ ಬುಟ್ಟಿ ಬಿಚ್ಚಿದರೆ ನೀವು ಚಿತ್ರಾನ್ನ, ಪುಳಿಯೋಗರೆ, ಕೋಸಂಬರಿಯ ಡಬ್ಬಿ ಬಿಚ್ಚಿ. ಸಸ್ಯಾಹಾರಿಗಳಿಗೆ ಇದಕ್ಕಿಂತ ನೆಮ್ಮದಿಯ ಊಟ ಈ ಊರಲ್ಲಿಲ್ಲ. ಕುಡಿಯದವರು ಹಿಂಜರಿಯಬೇಕಿಲ್ಲ. ಆಪಲ್ ಜ್ಯೂಸಿಗೆ ಸೋಡಾ ಬೆರೆಸಿದ ಆಪ್ಫೆಲ್‌ಷೋರ್ಲೆ, ಕೋಲಾಗೆ ಕಿತ್ತಳೆ ಬೆರೆಸಿದ ಷ್ಪೆಟ್ಸಿ ಎಲ್ಲ ಕಡೆ ಇರುತ್ತವೆ.

ಫ್ರಾಂಕೋನಿಯಾದಲ್ಲಿ ಇವಕ್ಕೆ ಕೆಲ್ಲರ್, ಅಂದರೆ ನೆಲಮಾಳಿಗೆ, ಅನ್ನುತ್ತಾರೆ. ಗುಡ್ಡದಲ್ಲಿ ಸುರಂಗ ಕೊರೆದು ಬಿಯರ್ ತಂಪಾಗಿಡುತ್ತಿದ್ದರು, ಅದರ ಮೇಲಿನ ಮರದ ನೆರಳಲ್ಲಿ ಜನ ಕೂರುತ್ತಿದ್ದರು. ಹಾಗಾಗಿ ಇಲ್ಲಿ ಕೆಲ್ಲರ್‌ಗೆ ಹೋಗಬೇಕಾದರೆ ಗುಡ್ಡ ಹತ್ತಬೇಕು! ಎರ್ಲಾಂಗನ್‌ನ ಬುರ್ಗ್‌ಬೆರ್ಗ್, ಫೋರ್ಷ್‌ಹೈಮ್‌ನ ಕೆಲ್ಲರ್‌ವಾಲ್ಡ್ ಕಾಡು ಇದಕ್ಕೆ ಹೆಸರುವಾಸಿ. ನ್ಯೂರೆಂಬರ್ಗ್ ಕೋಟೆಯ ಗುಡ್ಡದ ಹೊಟ್ಟೆಯಲ್ಲೂ ನಾಲ್ಕು ಅಂತಸ್ತಿನ ಸುರಂಗಗಳಿವೆ. ಬಿಯರ್ ಮಾಡುವವನಿಗೆ ಸ್ವಂತ ನೆಲಮಾಳಿಗೆ ಇರಲೇಬೇಕು ಅಂತ 1380ರಲ್ಲಿ ನಗರಸಭೆ ಕಟ್ಟಪ್ಪಣೆ ಮಾಡಿತ್ತು. ಯುದ್ಧದಲ್ಲಿ ಬಾಂಬ್ ಬಿದ್ದಾಗ ಜನ ಅಲ್ಲೇ ಅಡಗಿ ಬದುಕಿದರು. ಗೈಡ್ ಜೊತೆ ಇಳಿಯಬಹುದು. ಜುಲೈ ಆದರೂ ಸ್ವೆಟರ್ ಹಾಕಿಕೊಳ್ಳಿ. ಮೇಲೆ ಬಂದ ಮೇಲೆ ಪಕ್ಕದಲ್ಲೇ ಊರಿನ ಕೆಂಪು ಬಿಯರ್, ರೋಟ್‌ಬಿಯರ್, ಸಿಗುತ್ತದೆ. ಅರ್ಧ ಲೀಟರಿಗೆ ಇಲ್ಲಿ ಸೈಡ್‌ಲಾ ಅನ್ನುತ್ತಾರೆ. ಲೋಟ ತಾಗಿಸುವಾಗ ಎದುರಿನವರ ಕಣ್ಣು ನೋಡಿ. ನೋಡದಿದ್ದರೆ ತಮಾಷೆ ಮಾಡುತ್ತಾರೆ. ಇಲ್ಲಿನವರನ್ನು ಬವೇರಿಯಾದವರು ಅಂತ ಮಾತ್ರ ಕರೆಯಬೇಡಿ, ಅವರು ಫ್ರಾಂಕೋನಿಯಾದವರು. ನ್ಯೂರೆಂಬರ್ಗನ್ನು ಬವೇರಿಯಾಗೆ ಸೇರಿಸಿದ್ದು 1806ರಲ್ಲಿ. ಆ ಮುನಿಸು ಇನ್ನೂ ಇಳಿದಿಲ್ಲ.

ವರ್ಷದ ಲೆಕ್ಕ

ಪೆಂಟೆಕಾಸ್ಟ್ ಹಬ್ಬದ ಹಿಂದಿನ ಗುರುವಾರ ಎರ್ಲಾಂಗನ್‌ನ ಬೆರ್ಗ್‌ಕಿರ್ಷ್‌ವೈ ಜಾತ್ರೆ ಶುರುವಾಗುತ್ತದೆ. 1755ರಿಂದ ನಡೆದು ಬಂದದ್ದು, 12 ದಿನ. ಮಕ್ಕಳಿದ್ದರೆ ವಾರದ ನಡುವೆ ಮಧ್ಯಾಹ್ನ ಹೋಗಿ. ಶನಿವಾರ ಸಂಜೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಜುಲೈ ಕೊನೆಯ ಹೊತ್ತಿಗೆ ಬಾರ್ಡನ್‌ಟ್ರೆಫೆನ್. ಮೂರು ದಿನ ಹಳೇ ಊರಿನ ಚೌಕಗಳಲ್ಲೆಲ್ಲ ವೇದಿಕೆ, ಬೇರೆ ಬೇರೆ ದೇಶದ ಹಾಡುಗಾರರು, ಟಿಕೆಟ್ ಇಲ್ಲ. 1976ರಿಂದ ಇದೆ. ಬೇಸಿಗೆಯಲ್ಲೇ ಲುಯಿಟ್‌ಪೋಲ್ಡ್‌ಹೈನ್ ಪಾರ್ಕಿನಲ್ಲಿ ಕ್ಲಾಸಿಕ್ ಓಪನ್ ಏರ್ ನಡೆಯುತ್ತದೆ. ಅದೂ ಉಚಿತ. ಸಾವಿರಾರು ಜನ ಚಾಪೆ, ಮೇಣದಬತ್ತಿ, ಊಟದ ಬುಟ್ಟಿ ತಂದು ಹುಲ್ಲಿನ ಮೇಲೆ ಕೂತು ಆರ್ಕೆಸ್ಟ್ರಾ ಕೇಳುತ್ತಾರೆ. ನಾಜಿಗಳು ಸಾಲುಸಾಲಾಗಿ ನಿಲ್ಲುತ್ತಿದ್ದ ಬಯಲೇ ಅದು. ನಿಮಗೆ ಪಾಶ್ಚಾತ್ಯ ಸಂಗೀತ ಗೊತ್ತಿಲ್ಲದಿದ್ದರೂ ಹೋಗಿ.

ಆಮೇಲೆ ಕ್ರಿಸ್‌ಮಸ್ ಸಂತೆ, ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್. ಮೊದಲ ಅಡ್ವೆಂಟ್‌ನ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು) ಹಿಂದಿನ ಶುಕ್ರವಾರ ಸಂಜೆ 5:30ಕ್ಕೆ ಚೌಕದ ದೀಪಗಳು ಆರುತ್ತವೆ. ಬಂಗಾರದ ಕಿರೀಟ ತೊಟ್ಟ ಹುಡುಗಿಯೊಬ್ಬಳು ಚರ್ಚಿನ ಮೇಲೆ ನಿಂತು ಪದ್ಯ ಹೇಳಿ ಸಂತೆ ತೆರೆಯುತ್ತಾಳೆ. ಎರಡು ವರ್ಷಕ್ಕೊಮ್ಮೆ ಊರಿನ ಹುಡುಗಿಯರಲ್ಲೇ ಒಬ್ಬಳನ್ನು ಆರಿಸುತ್ತಾರೆ. 2019ರಲ್ಲಿ ಆಯ್ಕೆಯಾದ ಬೆನಿಗ್ನಾ ಮುನ್ಸಿಯ ತಂದೆ ಭಾರತ ಮೂಲದವರು. ಆಗ ಬಲಪಂಥದ ಕಡೆಯಿಂದ ಕೊಂಕು ಮಾತು ಬಂತು. ಅದಕ್ಕಿಂತ ದೊಡ್ಡ ದನಿಯಲ್ಲಿ ಊರು ಅವಳ ಪರ ನಿಂತಿತು. ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಅದು ಸಣ್ಣ ಸುದ್ದಿಯಲ್ಲ.

ಸಂತೆಗೆ ಶನಿವಾರ, ಭಾನುವಾರ ಬೇಡವೇ ಬೇಡ. ವಾರದ ದಿನ ಬೆಳಿಗ್ಗೆ, ಇಲ್ಲವೇ ಮಳೆ ಹನಿಯುವ ಮಂಗಳವಾರ ಸಂಜೆ ಹೋಗಿ. ಗ್ಲೂವೈನ್ (ಮಸಾಲೆ ಹಾಕಿದ ಬಿಸಿ ವೈನ್) ಕೊಡುವ ಕಪ್ಪಿಗೆ ಠೇವಣಿ ಇರುತ್ತದೆ, ವಾಪಸ್ ಕೊಟ್ಟರೆ ದುಡ್ಡು, ಇಟ್ಟುಕೊಂಡರೆ ನೆನಪಿನ ಕಾಣಿಕೆ. ಮಕ್ಕಳಿಗೆ, ಕುಡಿಯದವರಿಗೆ ಮದ್ಯವಿಲ್ಲದ ಕಿಂಡರ್‌ಪುನ್ಷ್. ಡಿಸೆಂಬರ್ 24ರ ಮಧ್ಯಾಹ್ನಕ್ಕೆಲ್ಲ ಸಂತೆ ಮುಗಿದು ಹೋಗುತ್ತದೆ. ಅವತ್ತು ಸಂಜೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿರುತ್ತದೆ, ಅಡುಗೆ ಸಾಮಾನು ಮೊದಲೇ ತಂದಿಟ್ಟುಕೊಳ್ಳಿ. ಭಾನುವಾರಗಳದ್ದೂ ಇದೇ ಕಥೆ. ಹಾಲು ಮುಗಿದರೆ ರೈಲು ನಿಲ್ದಾಣದ ಅಂಗಡಿಯೇ ಗತಿ. ಸೋಮವಾರ ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ.

ಕತ್ತಲಾದ ಮೇಲೆ

ಬರ್ಲಿನ್ ಥರದ ರಾತ್ರಿ ಇಲ್ಲಿ ಹುಡುಕಬೇಡಿ. ಇಲ್ಲಿನ ರಾತ್ರಿ ನಿಧಾನ, ಬೇಗ ಶುರುವಾಗುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬೆಚ್ಚಗಿನ ಸಂಜೆಗಳಲ್ಲಿ ಡ್ಯೂರರ್ ಮನೆ ಮುಂದಿನ ಚೌಕದ ಕಲ್ಲುಹಾಸಿನ ಮೇಲೆ ಜನ ಸುಮ್ನೆ ಕೂತಿರುತ್ತಾರೆ. ಕೈಯಲ್ಲಿ ಬಾಟಲಿ, ಇಲ್ಲವೇ ಐಸ್‌ಕ್ರೀಮ್. ಒಂದು ಪೈಸೆ ಖರ್ಚಿಲ್ಲದೆ ಕೂರಬಹುದು. ಭಾಷೆ ಬಾರದ ಮೊದಲ ತಿಂಗಳುಗಳಲ್ಲಿ ಅಪರಿಚಿತರ ಜೊತೆ ಮಾತು ಶುರುವಾಗಲು ಇದಕ್ಕಿಂತ ಸುಲಭದ ಜಾಗ ನನಗೆ ಗೊತ್ತಿಲ್ಲ. ಆದರೆ ಸುತ್ತಲೂ ಮನೆಗಳಿವೆ. ಹತ್ತರ ಮೇಲೆ ಕೂಗಾಟ, ಸ್ಪೀಕರ್ ಬೇಡ.

ಗೋಸ್ಟನ್‌ಹೋಫ್ ಇನ್ನೊಂದು ಬಗೆ. ಪ್ಲೆರರ್‌ನ ಆಚೆ, ಟರ್ಕಿಶ್ ಅಂಗಡಿ, ಸ್ಟುಡಿಯೋ, ಸಣ್ಣ ಬಾರುಗಳ ಬಡಾವಣೆ. ಬೆಲೆ ಹಳೇ ಊರಿಗಿಂತ ಕಡಿಮೆ, ವಿದ್ಯಾರ್ಥಿಗಳು ಜಾಸ್ತಿ. ಮಧ್ಯಾಹ್ನ 600ನೇ ಕೋಣೆ ನೋಡಿದರೆ ಸಂಜೆಗೆ ಇಲ್ಲೇ ಉಳಿಯಬಹುದು, ನಡೆಯುವಷ್ಟೇ ದೂರ. ಸಂಗೀತ ಬೇಕಾದವರಿಗೆ ಕೋಟೆಯ ಕೆಳಗೆ ಪಾನಿಯರ್ಸ್‌ಪ್ಲಾಟ್ಸ್‌ನಲ್ಲಿ ಜಾಸ್‌ಸ್ಟುಡಿಯೋ ಇದೆ, 1954ರಿಂದ. ನೆಲಮಾಳಿಗೆಯ ಕಲ್ಲಿನ ಕಮಾನಿನ ಕೆಳಗೆ ವಾದ್ಯದವರು ಕೈಗೆಟುಕುವಷ್ಟು ಹತ್ತಿರ ಕೂತಿರುತ್ತಾರೆ. ಜೋರು ಸಂಗೀತ, ಕುಣಿತ ಬೇಕಾದರೆ ದಕ್ಷಿಣದಲ್ಲಿ ಹಿರ್ಷ್ ಮತ್ತು ಹಳೇ ಬ್ಯಾರಕ್‌ನಲ್ಲಿರುವ ಟ್ಸೆಟ್-ಬೌ. 2010ರ ಜನಮತದ ನಂತರ ಬವೇರಿಯಾದ ಬಾರುಗಳ ಒಳಗೆ ಸಿಗರೇಟು ಪೂರ್ತಿ ನಿಷೇಧ, ಬಟ್ಟೆ ವಾಸನೆ ಹೊಡೆಯುವುದಿಲ್ಲ.

ಕ್ಲಬ್ಬಿಗೆ ಹೋಗುವಾಗ ರೆಸಿಡೆನ್ಸ್ ಕಾರ್ಡ್ ಇಲ್ಲವೇ ಪಾಸ್‌ಪೋರ್ಟ್ ಜೊತೆಗಿರಲಿ. ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ. ಎಂಟು ಹತ್ತು ಹುಡುಗರೇ ಗುಂಪಾಗಿ ಹೋದರೆ ಬಾಗಿಲಲ್ಲೇ ತಡೆಯುವುದುಂಟು. ಕೆಲವೊಮ್ಮೆ ಅದರಲ್ಲಿ ಮೈಬಣ್ಣದ ಲೆಕ್ಕವೂ ಇರುತ್ತದೆ, ಮುಚ್ಚಿಡುವುದೇನಿಲ್ಲ. ಬಾಗಿಲಲ್ಲಿ ಜಗಳ ಆಡಿ ಗೆದ್ದವರಿಲ್ಲ. ಇಬ್ಬರು ಮೂವರಾಗಿ, ಹುಡುಗಿಯರೂ ಇರುವ ಗುಂಪಾಗಿ ಹೋಗಿ. ಇಲ್ಲವೇ ಸಂಗೀತ ಕಾರ್ಯಕ್ರಮದ ಟಿಕೆಟ್ ಮೊದಲೇ ಕೊಂಡು ಹೋಗಿ, ಟಿಕೆಟ್ ಇದ್ದವರನ್ನು ತಡೆಯುವುದು ಕಡಿಮೆ. ಗುಡ್ ಫ್ರೈಡೇ ದಿನ ಕುಣಿತಕ್ಕೆ ಕಾನೂನಿನಲ್ಲೇ ತಡೆ ಇದೆ. ಅವತ್ತಿಗೆ ಏನೂ ಗೊತ್ತುಮಾಡಿಕೊಳ್ಳಬೇಡಿ.

ವಾಪಸ್ ಬರುವ ಲೆಕ್ಕ ಮೊದಲೇ ಹಾಕಿಕೊಳ್ಳಿ. ಶುಕ್ರವಾರ, ಶನಿವಾರ ಮತ್ತು ಸರ್ಕಾರಿ ರಜೆಯ ಹಿಂದಿನ ರಾತ್ರಿ ನೈಟ್‌ಲೈನರ್ ಬಸ್ಸುಗಳಿವೆ. ರಾತ್ರಿ ಒಂದರಿಂದ ಗಂಟೆಗೊಂದರಂತೆ ಮುಖ್ಯ ನಿಲ್ದಾಣದ ಮುಂದಿನಿಂದ ಎಲ್ಲವೂ ಒಟ್ಟಿಗೇ ಹೊರಡುತ್ತವೆ, ಫ್ಯೂರ್ತ್, ಎರ್ಲಾಂಗನ್ ಕಡೆಗೂ ಇವೆ. ಐದು ನಿಮಿಷ ತಪ್ಪಿದರೆ ಒಂದು ಗಂಟೆ ಚಳಿಯಲ್ಲಿ ನಿಲ್ಲಬೇಕು. ವಾರದ ಉಳಿದ ದಿನ ಆ ಬಸ್ಸೂ ಇಲ್ಲ. ಕೊನೆಯ ರೈಲು ಎಷ್ಟಕ್ಕೆ ಅಂತ ಫೋನಿನಲ್ಲಿ ನೋಡಿ, ಅದಕ್ಕೆ ಅರ್ಧ ಗಂಟೆ ಮುಂಚೆ ಬಿಲ್ ಕೇಳಿ. ಇಲ್ಲಿ ಬಿಲ್ ಬರುವುದಕ್ಕೂ ಅಷ್ಟು ಹೊತ್ತು ಬೇಕು.